ಬೇಡಿಕೊಳ್ಳುವುದನ್ನೇ ಮರೆತವನ ಮೇಲೆ ಬನಶಂಕರಿಯ ಕರುಣೆ

ಬನಶಂಕರಿ ತಾಯಿಯನ್ನು ನಂಬಿದ ಎಲ್ಲರಿಗೂ ಬಾಗಲಕೋಟೆ ನವನಗರದಿಂದ ಸಂಗಮೇಶನ ಶರಣು. ಬರೆಯುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಬರುವ ಸಂಗತಿಗಳಲ್ಲಿ ಅರ್ಧದಷ್ಟು ಮಾತ್ರ ನನಗೆ ನೆನಪಿರುವಂಥವು. ಉಳಿದದ್ದನ್ನು ನನ್ನ ಹೆಂಡತಿ ಗಿರಿಜಾ ಮತ್ತು ಇಳಕಲ್ಲಿನ ಗೆಳೆಯ ಪರಸಪ್ಪ ಹೇಳಿದ್ದರಿಂದ ಕೂಡಿಸಿಕೊಂಡಿದ್ದೇನೆ. ನೆನಪಿರುವ ಅರ್ಧವನ್ನೂ ಎಷ್ಟು ನಂಬಬೇಕೋ ತಿಳಿಯದು. ಆಗ ಕೆಟ್ಟದ್ದು ನನ್ನ ನೆನಪೇ.

ನಾನು ಹುನಗುಂದದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವನು. ಧಾರವಾಡದಲ್ಲಿ ಓದುವಾಗ ಎಲ್ಲವನ್ನೂ ಪ್ರಶ್ನಿಸಿ ನೋಡುವ ಅಭ್ಯಾಸ ಹತ್ತಿತು. ಮನೆಯಲ್ಲಿದ್ದ ಲಿಂಗಪೂಜೆ ಬಿಟ್ಟೆ, ಗುಡಿಗೆ ಹೋಗುವುದು ಬಿಟ್ಟೆ. ಪರಸಪ್ಪ ಆಗ ಹಾಸ್ಟೆಲಿನಲ್ಲಿ ನನ್ನ ಕೋಣೆಯವನು. ನೇಕಾರರ ಮನೆತನ, ಬನಶಂಕರಿ ಅವರ ಮನೆದೇವರು. ಓದು ಮುಗಿದ ಮೇಲೆ ಇಳಕಲ್ಲಿನಲ್ಲಿ ಸೀರೆ ಅಂಗಡಿ ಹಿಡಿದ. ಅವನು ನಂಬುವವನು, ನಾನು ನಗುವವನು. ಆದರೂ ಗೆಳೆತನ ಕಡಿದುಹೋಗಲಿಲ್ಲ.

ಸಮುದ್ರ ದಾಟಿ ಒಂದು ದೇಶ ನೋಡಿ ಬರಬೇಕು ಎಂಬುದು ಹಾಸ್ಟೆಲಿನ ಕಾಲದಿಂದಲೂ ಇಬ್ಬರ ಆಸೆ. ಹೋದ ವರ್ಷ ಇಬ್ಬರಿಗೂ ಐವತ್ತು ಹತ್ತಿರ ಬಂದಾಗ ನಿರ್ಧರಿಸಿದೆವು. ಡಿಸೆಂಬರಿನಲ್ಲಿ ಶ್ರೀಲಂಕಾ, ನಾಲ್ಕೈದು ದಿನ, ನಾವಿಬ್ಬರೇ. ವೀಸಾ, ಹೋಟೆಲು, ಯಾವ ದಿನ ಯಾವ ಊರು ಎಂಬುದೆಲ್ಲ ನನ್ನ ಜವಾಬ್ದಾರಿ ಆಯಿತು. ಪರಸಪ್ಪ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಈ ಸುದ್ದಿ ಹೇಳಿ ಮುಗಿಸಿದ್ದ.

ತೊಂದರೆ ಕಾಣಿಸಿದ್ದು ಈ ತಯಾರಿಯಲ್ಲಿಯೇ, ಶ್ರಾವಣದ ಹೊತ್ತಿಗೆ. ದಿನಾ ಸಂಜೆ ಪರಸಪ್ಪನಿಗೆ ಫೋನು ಮಾಡಿ, ಕೊಲಂಬೋದಿಂದ ಕ್ಯಾಂಡಿಗೆ ರೈಲಿನಲ್ಲಿ ಹೋಗೋಣವೋ ಬಸ್ಸಿನಲ್ಲೋ ಎಂದು ಕೇಳುತ್ತಿದ್ದೆನಂತೆ. ಅವನು ರೈಲು ಎನ್ನುತ್ತಿದ್ದ. ಮರುದಿನ ಮತ್ತೆ ಅದೇ ಪ್ರಶ್ನೆ. ಮೊದಮೊದಲು ನಾನು ಕಾಡಿಸುತ್ತಿದ್ದೇನೆ ಎಂದುಕೊಂಡನಂತೆ.

“ಲೇ ಸಂಗ್ಯಾ, ಚಾಷ್ಟಿ ಸಾಕು ಬಿಡಲೇ. ನಿನ್ನೀನೂ ಕೇಳಿದಿ, ಮೊನ್ನೀನೂ ಕೇಳಿದಿ.”

ನನಗೆ ನಿನ್ನೆಯದೂ ನೆನಪಿರಲಿಲ್ಲ, ಮೊನ್ನೆಯದೂ ಇರಲಿಲ್ಲ. ನಕ್ಕು ಫೋನಿಟ್ಟೆ. ಇಟ್ಟ ಮೇಲೆ ತಂದೆ ನೆನಪಾದರು. ಅವರಿಗೂ ಹೀಗೆಯೇ ಶುರುವಾಗಿತ್ತು. ಕೊನೆಯ ವರ್ಷಗಳಲ್ಲಿ ಅವರು ನವನಗರದ ಮನೆಯನ್ನು ನಮ್ಮದಲ್ಲ ಎನ್ನುತ್ತಿದ್ದರು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೇ ಬಾಗಲಕೋಟೆಯ ಮನೆಗೆ ಹೋಗುತ್ತೇನೆಂದು ಚೀಲ ಹಿಡಿದು ಹೊರಡುತ್ತಿದ್ದರು. ನನ್ನನ್ನು ಯಾರೋ ಮಾಸ್ತರರು ಎಂದು ತಿಳಿದು ನಮಸ್ಕಾರ ಮಾಡುತ್ತಿದ್ದರು. ಹೆತ್ತ ತಂದೆಯಿಂದ ಆ ನಮಸ್ಕಾರ ತೆಗೆದುಕೊಂಡವನು ನಾನು.

ಆಮೇಲೆ ಒಂದೊಂದೇ ಆಗತೊಡಗಿತು. ಪಾಠದ ನಡುವೆ ವಾಕ್ಯ ಎಲ್ಲಿಗೆ ಹೊರಟಿತ್ತು ಎಂಬುದು ತಪ್ಪಿಹೋಗುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯರು ಮೆಲ್ಲಗೆ ಶಬ್ದ ಎತ್ತಿಕೊಡುತ್ತಿದ್ದರು. ಅವರ ಮುಖದ ಕನಿಕರ ನೋಡಲಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಎಂದಿನಂತೆ ಬಸ್ಸು ಹತ್ತಿದವನು ಎಲ್ಲಿ ಇಳಿಯಬೇಕೆಂದು ತಿಳಿಯದೆ ಕೂತೇ ಇದ್ದೆ. ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಬಂದು ಹೆಗಲು ಮುಟ್ಟಿದ.

“ಸರ, ಹುನಗುಂದ ಆಗಿ ಭಾಳ ಹೊತ್ತಾತು. ಇದು ಇಳಕಲ್ಲ. ಇಳೀರಿ.”

ಹುನಗುಂದ ಎಂಬ ಶಬ್ದ ಕೇಳಿ ನನಗೆ ಏನೂ ಅನ್ನಿಸಲಿಲ್ಲ. ಅದು ನನಗೆ ಅನ್ನ ಕೊಟ್ಟ ಊರು, ಇಪ್ಪತ್ತು ವರ್ಷ ದುಡಿದ ಊರು. ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಪರಸಪ್ಪನಿಗೆ ಫೋನು ಮಾಡಿದೆ. ಅವನು ಅಂಗಡಿ ಬಿಟ್ಟು ಓಡಿಬಂದ. ಆಗಲೂ ಚಾಷ್ಟಿ ಮಾಡುವಂತೆಯೇ ಮಾತಾಡಿದ, ಆದರೆ ಮನೆ ಮುಟ್ಟುವ ತನಕ ನನ್ನ ಕೈ ಬಿಡಲಿಲ್ಲ.

ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಡಾಕ್ಟರು ಈಗಲೇ ಏನೂ ಹೇಳಲಾಗದು, ಇನ್ನೂ ಪರೀಕ್ಷೆಗಳಿವೆ, ಮತ್ತೆ ಬನ್ನಿ ಎಂದರು. ನಾನು ಮತ್ತೆ ಹೋಗಲಿಲ್ಲ. ಅವರು ಹೇಳದೆ ಬಿಟ್ಟದ್ದನ್ನು ನಾನೇ ಫೋನಿನಲ್ಲಿ ಓದಿಕೊಂಡೆ. ಓದಿದ್ದು ಎಲ್ಲವೂ ತಂದೆಯ ಕಡೆಗೇ ಬೆರಳು ತೋರಿಸಿತು. ಎಲ್ಲವನ್ನೂ ಮರೆಯುವ ಮನುಷ್ಯನಿಗೆ ಅದೊಂದು ಮಾತ್ರ ಮರೆಯಲಿಲ್ಲ.

ಎಲ್ಲಕ್ಕಿಂತ ಕೆಟ್ಟ ದಿನ ಯಾವುದೆಂದರೆ, ಗಿರಿಜಾಳ ದನಿ ಬದಲಾದ ದಿನ. ಅವಳು ನನ್ನೊಡನೆ ಜಗಳವಾಡುವುದನ್ನು ನಿಲ್ಲಿಸಿದ್ದಳು. “ಅಂಗಿ ಇಲ್ಲೈತ್ರಿ. ಇದಾ ನಿಮ್ಮ ಅಂಗಿ. ಹಾಕ್ಕೊಳ್ರಿ,” ಎಂದು ಬಿಡಿಸಿ ಬಿಡಿಸಿ ಹೇಳಿದಳು. ಆ ದನಿ ನನಗೆ ಗೊತ್ತಿತ್ತು. ನನ್ನ ತಂದೆಯೊಂದಿಗೆ ಅವಳು ಹೀಗೆಯೇ ಮಾತಾಡುತ್ತಿದ್ದಳು.

ಅಂದು ಸಂಜೆ ಹಿನ್ನೀರಿನ ದಂಡೆಗೆ ಹೋಗಿ ನಿಂತೆ. ಏನೇನು ಯೋಚಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ದೇವರಿದ್ದಾನೆ ಎಂದು ಅನ್ನಿಸಲೂ ಇಲ್ಲ. ಆದರೂ ಬಾಯಿಂದ ಮಾತು ಬಂತು. ಯಾರಾದರೂ ಕೇಳುವವರಿದ್ದರೆ ಕೇಳಿ, ಓದಿದ್ದನ್ನೆಲ್ಲ ತೆಗೆದುಕೊಳ್ಳಿ, ಎದುರಿಗೆ ನಿಂತವರು ಯಾರು ಎಂಬ ತಿಳಿವಳಿಕೆ ಒಂದನ್ನು ಮಾತ್ರ ಬಿಡಿ ಎಂದೆ. ನೀರು ಕತ್ತಲಾಯಿತು, ಮನೆಗೆ ಬಂದೆ.

ಪ್ರವಾಸ ಬೇಡವೆಂದು ಪರಸಪ್ಪನಿಗೆ ಹೇಳಿದೆ. ಪರದೇಶದಲ್ಲಿ ನಾನು ಕಳೆದುಹೋದರೆ ನೀನು ಎಲ್ಲಿ ಹುಡುಕುತ್ತೀಯ ಎಂದೆ. ಅವನು ಬನಶಂಕರಿಯ ಮಾತು ಎತ್ತಿದ.

“ತಾಯಿಗೆ ಹೇಳದ ಹೊಂಟಿದ್ವು ಅಂತ ಹಿಂಗಾತೇನೋ. ಶುಕ್ರವಾರ ಬಾ. ಆಕಿ ಮುಂದ ನಿಂತು ಬ್ಯಾಡ ಅನ್ನು. ಆಕಿ ಹೂಂ ಅಂದ್ರ ನಾನೂ ಹೂಂ ಅಂತೇನಿ.”

ವಾದ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ದಸರೆ ಮುಗಿದ ಮೇಲಿನ ಒಂದು ಶುಕ್ರವಾರ ಅವನು ಇಳಕಲ್ಲಿನಿಂದ ಬಂದು ನನ್ನನ್ನು ಕರೆದುಕೊಂಡು ಬಾದಾಮಿ ಬಸ್ಸು ಹತ್ತಿದ. ಎಲ್ಲಿಗೆ ಹೊರಟಿದ್ದೇವೆ ಎಂದು ಕೆರೂರಿನ ತನಕ ನಾನು ಕೇಳುತ್ತಲೇ ಇದ್ದೆನಂತೆ. ಪ್ರತಿ ಸಲವೂ ಅವನು ಮೊದಲ ಸಲ ಹೇಳುವವನಂತೆ, ಬನಶಂಕರಿಗೆ ಹೊರಟೇವಿ, ಎಂದನಂತೆ. ಇದನ್ನು ಅವನು ನನಗೆ ಹೇಳಿದ್ದಲ್ಲ. ಗಿರಿಜಾಳಿಗೆ ಹೇಳಿ ಅತ್ತಿದ್ದ.

ಗುಡಿಯಲ್ಲಿ ದರ್ಶನಕ್ಕೆ ಉದ್ದ ಪಾಳಿ ಇತ್ತು. ತಾಯಿಯ ಮುಂದೆ ಬಂದಾಗ ಪರಸಪ್ಪ ಕೈಮುಗಿದು, ಹೇಳಲೇ ಸಂಗ್ಯಾ ಎಂದು ನನ್ನನ್ನು ತಿವಿದ. ನಾನೂ ಕೈಮುಗಿದೆ. ಹೇಳಬೇಕಾದದ್ದು ಏನೆಂಬುದು ನೆನಪಾಗಲಿಲ್ಲ. ಪ್ರವಾಸ ಬೇಡವೆನ್ನಬೇಕಿತ್ತೋ, ರೋಗ ವಾಸಿ ಮಾಡೆನ್ನಬೇಕಿತ್ತೋ, ಯಾವುದೂ ಹೊಳೆಯಲಿಲ್ಲ. ಸಿಂಹದ ಮೇಲೆ ಕೂತ ಆ ಕರಿಯ ಮೂರ್ತಿಯನ್ನು ಸುಮ್ಮನೆ ನೋಡಿದೆ. ಜೀವನದಲ್ಲಿ ಅಷ್ಟು ಬರಿಗೈಯಲ್ಲಿ ನಾನು ಯಾರ ಮುಂದೆಯೂ ನಿಂತಿರಲಿಲ್ಲ. ಹಿಂದಿನವರು ನೂಕಿದರು, ಹೊರಗೆ ಬಂದೆವು.

ಪರಸಪ್ಪ ಮಾತ್ರ ಹಿಗ್ಗಿದ್ದ. ತಾನು ಪ್ರವಾಸ ಆಗಲಿ ಎಂದು ಬೇಡಿದಾಗ ತಾಯಿಯ ಬಲಗಡೆಯಿಂದ ಹೂ ಬಿತ್ತು, ಅದು ಒಪ್ಪಿಗೆ, ಪ್ರವಾಸ ನಿಲ್ಲುವುದಿಲ್ಲ ಎಂದ. ನಾನು ನೋಡುತ್ತಲೇ ಇದ್ದೆ, ಯಾವ ಹೂವೂ ಬಿದ್ದಿರಲಿಲ್ಲ. ಹಾಗೆಂದು ಹೇಳಿದೆ. ಇಬ್ಬರಿಗೂ ಬೇಜಾರಾಯಿತು.

ಹಸಿವಾಗಿತ್ತು. ಗುಡಿಯ ಮುಂದಿನ ಹೊಂಡದ ಕಡೆ ರೊಟ್ಟಿ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳನ್ನು ಅಲ್ಲಿಗೆ ಹೋದವರೆಲ್ಲ ಬಲ್ಲರು. ಒಬ್ಬ ಅಜ್ಜಿಯ ಮುಂದೆ ಕೂತೆವು. ಜೋಳದ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ ಬಡಿಸಿದಳು. ಸಣ್ಣ ಗಡಿಗೆಯಿಂದ ಮೊಸರು ಹಾಕಲು ಬಂದಾಗ ನಾನು ಕೈ ಅಡ್ಡ ಹಿಡಿದೆ.

“ಯಾಕ್ರಿ ಸಾಹೇಬ್ರ? ಬೋರಲ ಹಾಕಿದ್ರೂ ಬೀಳಂಗಿಲ್ಲ, ಅಂಥಾ ಮಸರದು.”

“ಅಂವ ಹಾಲು ಮಸರು ಬಿಟ್ಟು ನಾಕೈದು ವರ್ಷಾತು ಯವ್ವಾ,” ಎಂದ ಪರಸಪ್ಪ. “ಮೈಗೆ ಚಲೋ ಅಲ್ಲಂತ. ಫೋನಿನ್ಯಾಗ ಓದ್ಯಾನ.”

“ಮತ್ತ ತತ್ತಿಗಿತ್ತಿ ತಿಂತಾರೇನು?”

“ಲಿಂಗಾಯತರ ಮನಿ. ತತ್ತಿ ಹೊಸ್ತಲಾ ದಾಟಂಗಿಲ್ಲ.”

ಅಜ್ಜಿ ಗಡಿಗೆ ಕೆಳಗಿಟ್ಟಳು. “ಮಸರಿಲ್ಲ, ತತ್ತಿ ಇಲ್ಲ. ಗಾಳಿ ಕುಡದ ಬದಕ್ಯಾನೇನ ಇಂವ?”

ಸುತ್ತ ಕೂತವರು ನಕ್ಕರು. ನಗದಿದ್ದವಳು ಒಬ್ಬಳೇ. ಪಕ್ಕದ ಬುಟ್ಟಿಯ ಮುಂದೆ ಮನೆಯವರೊಡನೆ ಊಟ ಮಾಡುತ್ತಿದ್ದ ನಡುವಯಸ್ಸಿನ ಹೆಣ್ಣುಮಗಳು ರೊಟ್ಟಿ ಕೈಯಲ್ಲಿ ಹಿಡಿದೇ ನನ್ನ ಕಡೆ ತಿರುಗಿದಳು. ತಾನು ಡಾಕ್ಟರು ಎಂದು ಹೇಳಿ, ತಪ್ಪು ತಿಳಿಯಬೇಡಿ ಎಂದು ಕೇಳಿದಳು.

“ಸರ, ಅಂಗಾಲು ಜುಂ ಅಂತಾವೇನ್ರಿ? ಹತ್ತಿ ಅರಳಿ ಮ್ಯಾಲ ನಡದಂಗ?”

ಅದನ್ನು ನಾನು ಗಿರಿಜಾಳಿಗೂ ಹೇಳಿರಲಿಲ್ಲ. ಹೂಂ ಎಂದೆ. ಮರೆವು ಏನಾದರೂ, ಎಂದು ಅವಳು ಕೇಳುವಷ್ಟರಲ್ಲಿ ಪರಸಪ್ಪ ಅಷ್ಟು ಜನರ ನಡುವೆ ಹೋ ಎಂದು ಅತ್ತುಬಿಟ್ಟ. ಎಲ್ಲ ಹೇಳಿದ. ಅವಳು ಸಮಾಧಾನದಿಂದ ಕೇಳಿಸಿಕೊಂಡು, ಹಾಲು, ತತ್ತಿ, ಮಾಂಸದಿಂದ ಸಿಗುವ ಬಿ ಟ್ವೆಲ್ವ್ ಎಂಬ ಜೀವಸತ್ವ ರಕ್ತದಲ್ಲಿ ಎಷ್ಟಿದೆ ನೋಡಿಸಿ, ಇವತ್ತೇ ನೋಡಿಸಿ ಎಂದಳು. ಅದು ತೀರ ಕಡಿಮೆಯಾದರೂ ಹೀಗಾಗುತ್ತದೆ, ಕೆಲವರಿಗೆ ವಾಸಿಯಾಗುತ್ತದೆ, ನಿಮಗೆ ಆಗಿಯೇ ಆಗುತ್ತದೆ ಎಂದು ನಾನು ಮಾತು ಕೊಡಲಾರೆ ಎಂದಳು. ಅಷ್ಟರಲ್ಲಿ ಅವರ ಗಾಡಿಯವನು ಕರೆದ. ಹೆಸರು ಕೇಳುವುದು ನಮ್ಮಿಬ್ಬರಿಗೂ ತೋಚಲಿಲ್ಲ.

ರಕ್ತ ಪರೀಕ್ಷೆಗೆ ಕೊಟ್ಟೆ. ಫಲಿತಾಂಶ ನೋಡಿದ ಬಾಗಲಕೋಟೆಯ ಡಾಕ್ಟರು ಇಷ್ಟು ದಿನ ಹೇಗೆ ನಡೆದಾಡಿದಿರಿ ಎಂದರು. ಅಂದಿನಿಂದಲೇ ಇಂಜೆಕ್ಷನ್ ಶುರುವಾಯಿತು. ವಿಚಾರವಂತನೆಂದುಕೊಂಡು ಹಾಲು ಮೊಸರನ್ನು ಬಿಟ್ಟೆ, ಮೊಟ್ಟೆ ಮುಟ್ಟದ ಮನೆಯ ಆಚಾರವನ್ನು ಹಾಗೆಯೇ ಉಳಿಸಿಕೊಂಡೆ. ಎರಡರ ನಡುವೆ ನನ್ನ ಮಿದುಳು ಉಪವಾಸ ಬಿದ್ದಿತ್ತು.

ಹುಷಾರಾಗುವುದು ಸುಲಭವಾಗಿರಲಿಲ್ಲ. ಮೊದಲ ವಾರಗಳಲ್ಲಿ ಏನೂ ಬದಲಾಗಲಿಲ್ಲ. ಇದೂ ಸುಳ್ಳು, ನಾನು ತಂದೆಯ ದಾರಿಯಲ್ಲೇ ಇದ್ದೇನೆ ಎಂದು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಡಿಸೆಂಬರ್ ಬಂತು, ನಮ್ಮ ಪ್ರವಾಸದ ದಿನಗಳು ಹಾಗೆಯೇ ಹೋದವು.

ಸಂಕ್ರಾಂತಿ ಆದ ಮೇಲೆ ಒಂದು ಬೆಳಿಗ್ಗೆ ಗಿರಿಜಾಳ ಮೇಲೆ ರೇಗಿದೆ. ಅವಳ ತಮ್ಮನನ್ನು ಊಟಕ್ಕೆ ಕರೆಯುವ ವಿಷಯ. ನಾನು ಬೇಡವೆಂದ ಮೇಲೂ ಯಾಕೆ ಕರೆದೆ ಎಂದೆ. ಅವಳು ಎದುರು ಮಾತಾಡಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಕಣ್ಣು ತುಂಬಿ ಬಂದವು.

“ಬ್ಯಾಡ ಅಂದಿದ್ದು ನಿನ್ನಿ ರಾತ್ರಿ ಅಲ್ಲೇನ್ರಿ?” ಎಂದಳು.

ನಿನ್ನೆಯ ಜಗಳವನ್ನು ನಾನು ಇವತ್ತು ಮುಂದುವರಿಸಿದ್ದೆ. ಇಬ್ಬರೂ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅತ್ತೆವು. ಅವಳ ತಮ್ಮ ಊಟಕ್ಕೆ ಬಂದ, ನಾನೇ ಒತ್ತಾಯ ಮಾಡಿ ಎರಡು ಸಲ ಬಡಿಸಿದೆ.

ಈಗಲೂ ನಾನು ಪ್ರಶ್ನಿಸುವವನೇ. ಇಂಜೆಕ್ಷನ್ನೇ ವಾಸಿ ಮಾಡಿತು ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ಹೌದು. ಆದರೆ ಆ ಶುಕ್ರವಾರ, ಆ ಗಳಿಗೆಗೆ, ಆ ಅಜ್ಜಿಯ ಪಕ್ಕದಲ್ಲಿ ಆ ಡಾಕ್ಟರನ್ನು ಯಾರು ಕೂರಿಸಿದರು? ಪರಸಪ್ಪ ಹೂ ಬಿತ್ತು ಎನ್ನುತ್ತಾನೆ, ನಾನು ಬೀಳಲಿಲ್ಲ ಎಂದಿದ್ದೆ. ಡಾಕ್ಟರಿಗೆ ಕನ್ನಡಕ ಇತ್ತು ಎನ್ನುತ್ತೇನೆ, ಅವನು ಇರಲಿಲ್ಲ ಎನ್ನುತ್ತಾನೆ. ಬಸ್ಸಿನಲ್ಲಿ ಎಲ್ಲಿಗೆ ಹೊರಟಿದ್ದೇನೆಂದು ತಿಳಿಯದವನ ಸಾಕ್ಷಿ ದೊಡ್ಡದೋ, ಅವನನ್ನು ಕೈಹಿಡಿದು ಕರೆದೊಯ್ದವನ ಸಾಕ್ಷಿ ದೊಡ್ಡದೋ? ನಾನು ಕಲಿತ ವಿದ್ಯೆಯ ಪ್ರಕಾರವೇ ತೀರ್ಪು ಕೊಟ್ಟರೆ ನಾನು ಸೋಲುತ್ತೇನೆ. ಸೋತಿದ್ದೇನೆ. ನಾನು ಕೇಳದೆಯೇ ತಾಯಿ ಕೊಟ್ಟಳು.

ಈ ವರ್ಷ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಶ್ರೀಲಂಕಾಕ್ಕೆ ಹೋಗಿ ಬಂದೆವು. ಕೊಲಂಬೋದಲ್ಲಿ ಕೊನೆಯ ಸಂಜೆ ಪೇಟೆಯ ಓಣಿಗಳಲ್ಲಿ ಸುತ್ತಿ ಸುತ್ತಿ ಪರಸಪ್ಪನಿಗೆ ದಿಕ್ಕು ತಪ್ಪಿತು. ಅವನ ಫೋನು ಸತ್ತಿತ್ತು, ನನ್ನದು ಕೋಣೆಯಲ್ಲೇ ಉಳಿದಿತ್ತು. ಆ ಓಣಿಯ ಬೋರ್ಡುಗಳ ಲಿಪಿ ನಮಗೆ ಓದಲು ಬಾರದು. ಅವನ ಮುಖ ಸಣ್ಣದಾಯಿತು. ನಾನು ಕಣ್ಣು ಮುಚ್ಚಿ ನಿಂತೆ. ಬಂದ ದಾರಿ ಒಂದೊಂದಾಗಿ ಎದ್ದು ಬಂತು. ಎಳನೀರಿನ ಗಾಡಿ, ನೀಲಿ ಬಾಗಿಲಿನ ಮಸೀದಿ, ಛತ್ರಿ ರಿಪೇರಿಯವನು, ಅಲ್ಲಿಂದ ಎಡಕ್ಕೆ.

“ಖರೇನ ಗೊತ್ತೈತೇನಲೇ?” ಎಂದ.

ಅವನ ಕೈ ಹಿಡಿದುಕೊಂಡು ಹೊರಟೆ. ಒಂದು ತಿರುವೂ ತಪ್ಪಲಿಲ್ಲ. ಹೋಟೆಲಿನ ಬಾಗಿಲು ಕಂಡಾಗ ನನ್ನ ಬಾಯಿಂದ, ಯಾರೂ ತಿವಿಯದೆ, ಅವ್ವಾ ಬನಶಂಕರಿ ಎಂಬ ಮಾತು ಬಂತು. ಓಣಿಯ ಜನ ತಿರುಗಿ ನೋಡಿದರು. ನೋಡಲಿ ಎಂದು ಇನ್ನೊಮ್ಮೆ ಕೂಗಿದೆ.