ಭೋಂಗಾ ಕೂಗಿದಾಗ ಹೊಳೆಗೆ ಇಳಿದವರು

ಭೋಂಗಾ ಸರಿಯಾಗಿಯೇ ಕೂಗಿತು. ತಪ್ಪು ದಿಕ್ಕಿಗೆ ಹೋದವರು ನಾವು.

ರಾಮದುರ್ಗದಲ್ಲಿ ನಮ್ಮ ಓಣಿ ಮಲಪ್ರಭೆಯ ದಂಡೆಗೇ ಇದೆ. ಹೊಳೆ ಉಕ್ಕಿದರೆ ಮೊದಲು ನಮ್ಮ ಮನೆಗಳಿಗೇ ಬರುತ್ತದೆ. ನನ್ನ ಮೊಮ್ಮಗಳು ಇಂಜಿನಿಯರು. ಮನಿಲಾ, ಢಾಕಾ, ಮುಂಬೈಯಂಥ ದೊಡ್ಡ ಊರುಗಳಲ್ಲಿ ನೆರೆಗೆ ಜನ ಸಾಯಬಾರದೆಂದು ಬೇರೆ ಬೇರೆ ದೇಶದವರು ಕೂಡಿ ಸಂಶೋಧನೆ ಮಾಡುತ್ತಾರಲ್ಲ, ಅದರಲ್ಲಿ ಅವಳೂ ಒಬ್ಬಳು. ನೀರು ಏರಿದ್ದನ್ನು ತಾನೇ ಅಳೆದು ಕೂಗುವ ಭೋಂಗಾ ಮಾಡಿದ್ದರು. ದೊಡ್ಡ ಊರಿಗೆ ಒಯ್ಯುವ ಮೊದಲು ಸಣ್ಣ ಊರಲ್ಲಿ ನೋಡಬೇಕಿತ್ತು. ಇವಳು ಹಟ ಹಿಡಿದು ನಮ್ಮ ಓಣಿಗೇ ತಂದಳು. ಭೋಂಗಾ ಕೇಳಿ ಜನ ಮೇಲೆ ಹತ್ತಿದರೆ ಅದು ನಮಗೇ ಉಳಿಯುತ್ತದೆ. ಇಲ್ಲವಾದರೆ ಬಿಚ್ಚಿ ಬೇರೆ ಊರಿಗೆ.

ಪರೀಕ್ಷೆಗೆಂದು ಭೋಂಗಾ ಕೂಗಿಸುವ ಹಿಂದಿನ ದಿನ ಮನೆಮನೆಗೆ ಹೋಗಿ ಹೇಳಿದಳು: "ಭೋಂಗಾ ಕೂಗಿದ ಕೂಡ್ಲೆ ಹೊಳಿಗೆ ನೀರು ಬಂತು ಅಂತ ತಿಳೀರಿ. ಎಲ್ಲಾರೂ ದಿನ್ನಿ ಮ್ಯಾಲಿನ ಸಾಲಿಗೆ ಬರ್ರಿ."

ನಾವು ಹಾಗೇ ತಿಳಿದೆವು. ಹೊಸ ನೀರು ಬಂದರೆ ಗಂಗವ್ವನಿಗೆ ಉಡಿ ತುಂಬದೆ ನಮ್ಮಲ್ಲಿ ಯಾವ ಹೆಂಗಸೂ ಬೇರೆ ಕೆಲಸಕ್ಕೆ ಹೋಗುವುದಿಲ್ಲ. ಭೋಂಗಾ ಕೂಗಿದ್ದೇ ಅಕ್ಕಿ, ಅರಿಶಿನ, ಕುಬಸದ ಕಣ, ಕಾಯಿ ಹಿಡಿದು ಓಣಿಯ ಹೆಂಗಸರೆಲ್ಲ ಹೊಳೆಗೆ ಇಳಿದೆವು. ದಿನ್ನೆಯ ಮೇಲೆ ಶಾಲೆಯ ಮುಂದೆ ಗಡಿಯಾರ ಹಿಡಿದು ನಿಂತ ಪರದೇಶದವರಿಗೆ ಸಿಕ್ಕವರು ಬೀಡಿ ಸೇದುವ ಇಬ್ಬರು ಮುದುಕರು.

ಮೊಮ್ಮಗಳು ಓಡಿ ಬಂದಳು. "ಆಯಿ, ಮ್ಯಾಲ ಬರ್ರಿ ಅಂದ್ರ ಕೆಳಗ ಬಂದೀರಲ್ಲ!"

"ನೀರು ಬಂತು ಅಂತ ತಿಳೀರಿ ಅಂದಿ. ತಿಳಕೊಂಡ್ವಿ. ಉಡಿ ತುಂಬಲಾರದ ಹೆಂಗ ಹೋಗೂದು?"

"ಹೊಳಿಯಾಗ ನೀರs ಇಲ್ಲಲ್ಲ ಆಯಿ!"

"ಹೌದವಾ," ಎಂದಳು ನೆರೆಮನೆಯವಳು. "ನಾ ಒಗದ ಕಾಯಿ ಕಲ್ಲಿಗೆ ಬಡದು ಟಣ್ ಅಂತು."

ಮೊಮ್ಮಗಳ ಜೊತೆಗೆ ಬಂದ ಮನಿಲಾದ ಹೆಣ್ಣುಮಗಳು ಆ 'ಟಣ್' ಕೇಳಿಯೇ ಬಿದ್ದು ಬಿದ್ದು ನಕ್ಕಳು. ಮೊಮ್ಮಗಳು ನಗಲಿಲ್ಲ. "ನಾಳೆ ಇನ್ನೊಂದs ಸರತಿ ನೋಡ್ತಾರ. ಆಗಲಿಲ್ಲಂದ್ರ ಬಿಚ್ಕೊಂಡು ಹೋಗ್ತಾರ," ಎಂದಳು.

ಮನಿಲಾದವಳು ಏನೋ ಕೇಳಿದಳು. ಮೊಮ್ಮಗಳು ತಿಳಿಸಿದಳು: ಈ ಪೂಜೆಯನ್ನು ಮೇಲೆ, ಶಾಲೆಯ ಹತ್ತಿರ ಮಾಡಬಾರದೇ ಎಂದು.

"ಗಂಗವ್ವ ದಿನ್ನಿ ಹತ್ತತಾಳೇನ?" ಎಂದೆ ನಾನು.

"ಕೊಡದಾಗ ತಂದ್ರ ಹತ್ತತಾಳ ಬಿಡs," ಎಂದಳು ನೆರೆಮನೆಯವಳು. "ಮದುವಿಗೆ ಮನಿಗೆ ಗಂಗಿ ತರೂದಿಲ್ಲೇನ?"

ಮನೆಗೆ ಹೋದವಳೇ ಕೊಡ ತಿಕ್ಕಿಟ್ಟೆ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವುದನ್ನು ಸೊಸೆಗೆ ಬಿಟ್ಟು ಹೊಳೆಗೆ ಹೋದೆ. ಗುಂಡಿಯಲ್ಲಿ ನಿಂತ ನೀರನ್ನೇ ಕೊಡಕ್ಕೆ ತುಂಬಿ ದಿನ್ನೆ ಹತ್ತಿದೆ. ಶಾಲೆಯ ಕಟ್ಟೆಯ ಮೇಲೆ ಇಟ್ಟು ಅರಿಶಿನ ಹಚ್ಚಿ ಕುಳಿತೆ. ಭೋಂಗಾ ಕೂಗಿತು. ಎಲ್ಲರಿಗಿಂತ ಮುಂದೆ ನೆರೆಮನೆಯವಳು ಕಾಯಿ ಹಿಡಿದು ತೇಕುತ್ತ ಬಂದಳು. ಅವಳ ಹಿಂದೆ ಇಡೀ ಓಣಿ. ಮೊಮ್ಮಗಳು ಗಡಿಯಾರ ನೋಡುವುದನ್ನೇ ಬಿಟ್ಟು ನಿಂತಿದ್ದಳು.

"ಸಾಲಾಗಿ ಬರ್ರಿ, ಗದ್ಲ ಮಾಡಬ್ಯಾಡ್ರಿ," ಎಂದು ಅಕ್ಕಿಯ ತಟ್ಟೆ ಮುಂದೆ ಮಾಡಿದೆ.