ರಸ್ತೆ ಮೇಲಿನ ಹುರುಳಿ ಯಾರದು?

ಹೋದ ತಿಂಗಳು ಒಂದು ಮುಂಜಾನೆ ನಾನು ಸ್ಕೂಟಿ ಸಮೇತ ಹುರುಳಿಯ ಮೇಲೆ ಬಿದ್ದೆ. ಹೊಲದಲ್ಲಿ ಅಲ್ಲ, ನಡು ಡಾಂಬರು ರಸ್ತೆಯಲ್ಲಿ.

ನಾನು ಇಳಕಲ್ಲಿನಿಂದ ದಿನಾ ಸ್ಕೂಟಿ ಹತ್ತಿ ಹಳ್ಳಿಯೊಂದರ ಹೈಸ್ಕೂಲಿಗೆ ಪಾಠ ಮಾಡಲು ಹೋಗುವುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಹೈವೇ ಬಿಟ್ಟು ಒಳಗೆ ತಿರುಗಿದ ಮೇಲೆ ಎರಡು ಕಿಲೋಮೀಟರು ಸಣ್ಣ ರಸ್ತೆ. ಚಳಿಗಾಲ ಬಂತೆಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಿಗ್ಗೆ ಎಂಟಕ್ಕೇ ಸ್ಪೆಷಲ್ ಕ್ಲಾಸು. ಅವತ್ತು ಮಂಜು ಎಷ್ಟು ದಟ್ಟವಾಗಿತ್ತೆಂದರೆ, ನನ್ನ ಮುಂದಿನ ಗಾಲಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಕಿತ್ತ ಹುರುಳಿ ಬಳ್ಳಿಯನ್ನು ತಂದು ರಸ್ತೆಯ ಅರ್ಧ ಭಾಗಕ್ಕೆ ಹರವಿಬಿಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ಎಲ್ಲ ಅದರ ಮೇಲೆ ಓಡಾಡುತ್ತವೆ. ಸಂಜೆಗೆ ಹೊಟ್ಟು ಬೇರೆ, ಕಾಳು ಬೇರೆ. ಹಂತಿ ಹೊಡೆಯಲು ಎತ್ತು ಬೇಡ, ಮಷಿನ್ನು ಬೇಡ. ಸರಕಾರಿ ಬಸ್ಸೇ ಬಂದು ಪುಕ್ಕಟೆ ರಾಶಿ ಮಾಡಿಕೊಟ್ಟು ಹೋಗುತ್ತದೆ. ಕಾಳಿನ ಗುಡ್ಡೆಯ ಮೇಲೆ ಯಾರೂ ಗಾಡಿ ಹಾಯಿಸಬಾರದೆಂದು ಸುತ್ತಲೂ ದಪ್ಪ ಕಲ್ಲು ಇಟ್ಟಿರುತ್ತಾರೆ. ರಾಶಿ ಮನೆಗೆ ಹೋಗುತ್ತದೆ, ಕಲ್ಲು ಮಾತ್ರ ಮುಂದಿನ ವರ್ಷದವರೆಗೆ ಅಲ್ಲೇ ಇರುತ್ತದೆ.

ಇಬ್ಬನಿಯಲ್ಲಿ ನೆಂದ ಹುರುಳಿ ಕಾಳಿನ ಮೇಲೆ ಬ್ರೇಕ್ ಹಾಕಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಗಾಡಿ ನಿಲ್ಲುವುದೇ ಇಲ್ಲ. ನಾನು ಒಂದು ಕಡೆ, ಟಿಫಿನ್ ಬಾಕ್ಸು ಒಂದು ಕಡೆ. ಮೊಣಕಾಲು ಕೆತ್ತಿ ರಕ್ತ ಬಂತು. ಸ್ಕೂಟಿಯ ಎಡಗಡೆಯ ಇಂಡಿಕೇಟರ್ ಒಡೆದು, ಅದರ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕವರು ಚೂರುಚೂರಾಗಿ ಕಾಳಿನಲ್ಲಿ ಬೆರೆತುಹೋಯಿತು.

ಬಸ್‌ಸ್ಟಾಪಿಗೆ ನಡೆದು ಹೊರಟಿದ್ದ ನಾಲ್ಕೈದು ಹೆಂಗಸರು ಓಡಿ ಬಂದು ಎಬ್ಬಿಸಿದರು. ಒಬ್ಬಾಕೆ ಸೆರಗಿನಿಂದಲೇ ನನ್ನ ಮೊಣಕಾಲು ಒರೆಸಿದಳು.

'ಯಾರದು ಈ ಹುರುಳಿ?' ಎಂದೆ, ಟೀಚರ್ ದನಿಯಲ್ಲಿ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಬಾಯಿಗೆ ಸೆರಗು ಹಿಡಿದಳು. ಕೊನೆಗೆ ಇನ್ನೊಬ್ಬಾಕೆ, 'ಯಾರದೋ ಏನೋರಿ ಅಕ್ಕಾರ, ನಮಗೇನ ಗೊತ್ತು' ಅಂದಳು.

ಗೊತ್ತಿದ್ದೂ ಹೇಳುತ್ತಿಲ್ಲ ಎಂಬುದು ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ತಿಳಿಯುವುದಿಲ್ಲವೇ? ಊರವರು ಊರವರನ್ನು ಬಿಟ್ಟುಕೊಡುವುದಿಲ್ಲ ಅಂದುಕೊಂಡೆ. ಕುಂಟುತ್ತ ಹೋಗಿ ಪಾಠ ಮಾಡಿದೆ. ಅವತ್ತು ಹೋಮ್‌ವರ್ಕ್ ತರದವರ ಗತಿ ಕೇಳಬೇಡಿ.

ನನ್ನ ಮೊಣಕಾಲಿಗೆ ಅದು ಮುಗಿದಿದ್ದರೆ ಈ ಬರಹ ಬರೆಯುತ್ತಿರಲಿಲ್ಲ. ಮರುದಿನ ಅದೇ ಜಾಗದಲ್ಲಿ ರಜಿಯಾ ಬಿದ್ದಳು.

ರಜಿಯಾ ನನ್ನ ಹಳೆಯ ವಿದ್ಯಾರ್ಥಿನಿ. ಈಗ ಅದೇ ಊರಿನಲ್ಲಿ ಮನೆಯಲ್ಲೇ ಸೀರೆ ನೇಯುತ್ತಾಳೆ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ಅದು ಬೆರಳುಗಳು ಮಾಡುವ ಕೆಲಸ. ಆ ಕೆಲಸಕ್ಕೆ ಅಕ್ಕಪಕ್ಕದ ನೇಕಾರರೂ ಅವಳನ್ನೇ ಕರೆಯುತ್ತಾರೆ. ಅವತ್ತು ನೂಲು ತರಲೆಂದು ಇಳಕಲ್ಲಿಗೆ ಹೊರಟಿದ್ದಳು. ಅಂಚಿನಲ್ಲಿ ನಡೆಯೋಣವೆಂದರೆ ಅಲ್ಲಿ ಹುರುಳಿ ಬಳ್ಳಿಯ ಮೆದೆ. ರಸ್ತೆಗೆ ಇಳಿದರೆ ಮಂಜಿನೊಳಗಿಂದ ಕಬ್ಬಿನ ಟ್ರ್ಯಾಕ್ಟರು, ಎರಡು ಟ್ರೇಲರು, ಮೇಲೆ ಹಾಡು ಬೇರೆ. ಗಾಬರಿಯಾಗಿ ಹಿಂದಕ್ಕೆ ಸರಿದಳು. ಕಾಲಿಗೆ ಆ ಕಾವಲು ಕಲ್ಲು ಸಿಕ್ಕಿತು. ಬಲಗೈ ಊರಿಕೊಂಡು ಬಿದ್ದಳು, ಮಣಿಕಟ್ಟು ಮುರಿಯಿತು.

ನನಗೆ ಸಿಟ್ಟು ನೆತ್ತಿಗೇರಿತು. ಸೀದಾ ಗ್ರಾಮ ಪಂಚಾಯ್ತಿಗೆ ಹೋದೆ.

ಅಧ್ಯಕ್ಷೆ ಗಂಗವ್ವ ಕುರ್ಚಿ ಬಿಟ್ಟು ಹೊರಗೆ ಬಿಸಿಲಿಗೆ ಕುಳಿತಿದ್ದರು. ಮೊದಲು ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದವರು. ಯಾರು ಎಷ್ಟು ಚೌಕಾಶಿ ಮಾಡಿದರೂ ಸಿಟ್ಟಾಗದ ತಾಳ್ಮೆಯನ್ನು ಅಲ್ಲಿಂದಲೇ ತಂದಿದ್ದಾರೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಮೊದಲು ಚಹಾ ತರಿಸಿದರು.

'ಅಕ್ಕಾರ, ಥಂಡಿ ಬರೂಕಿಂತ ಮೊದಲ ದಾರಿ ಎರಡೂ ಕಡೆ ಬಳ್ಳಾರಿ ಜಾಲಿ ಕಡಿಸೇವಿ. ನಡ್ಯಾವ್ರಿಗೆ ಅಂತ ಗರಸ ಮಣ್ಣ ಹಾಕಿ ಅಂಚ ಸಪಾಟ ಮಾಡೇವಿ. ಮಂಜಿನ್ಯಾಗ ಕಾಣ್ಲಿ ಅಂತ ಹಳ್ಳದ ಬ್ರಿಜ್ಜಿನ ಗ್ವಾಡಿಗೆ ಸುಣ್ಣಾ ಬಳದೇವಿ. ಕಬ್ಬಿನ ಗಾಡಿ ನಿಂದರಿಸಿ, ಹಿಂದ ಕೆಂಪು ಸ್ಟಿಕ್ಕರ್ ನಾನ ನಿಂತು ಹಚ್ಚಿಸೇನಿ. ಅಂಚ ಸಪಾಟ ಆತು ಅಂತ ಮಂದಿ ಅಲ್ಲೇ ಮೆದಿ ಒಟ್ಟಾಕತ್ಯಾರ. ನಾ ಏನ ಮಾಡ್ಲಿ ಹೇಳ್ರಿ. ಸಾಲಿ ಕಲಸಾವ್ರು ನೀವು.'

ನೋಡಿ, ಬೈಯಲು ಹೋದವಳಿಗೆ ಹೋಮ್‌ವರ್ಕ್ ಕೊಟ್ಟರು.

ಆ ವಾರದ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತೆ. ಭಾಷಣ ಚೆನ್ನಾಗಿಯೇ ಆಯಿತು. ರಜಿಯಾಳ ಕೈಗೆ ಯಾರು ಜವಾಬ್ದಾರಿ ಎಂದು ಕೇಳಿದೆ. ಆಮೇಲೆ ನನ್ನ ಸಲಹೆ ಇಟ್ಟೆ. ಊರಿಗೆಲ್ಲ ದಿನಾ ಬೆಳಿಗ್ಗೆ ಪಂಚಾಯ್ತಿಯ ಕಸದ ಗಾಡಿ ಮೈಕ್ ಹಚ್ಚಿಕೊಂಡು ಬರುತ್ತದಲ್ಲ? ಯಾರ ರಾಶಿ ರಸ್ತೆಯ ಮೇಲಿತ್ತೋ ಅವರ ಹೆಸರನ್ನು ಏಳು ದಿನ ಆ ಮೈಕಿನಲ್ಲಿ ಕೂಗಿಸಿ. ದುಡಿಯುವವನ ಹೆಸರು ಬೇಡ, ಪಾಪ. ಹೊಲದ ಮಾಲೀಕರ ಹೆಸರು. ಅವರು ಪ್ಯಾಟೆಯಲ್ಲಿ ಆರಾಮ ಕುಳಿತಿರುತ್ತಾರೆ, ಅವರಿಗೆ ನಾಚಿಕೆಯಾಗಲಿ.

ಗಂಗವ್ವ ನನ್ನನ್ನೇ ನೋಡಿದರು. 'ಮಾಲಕರ ಹೆಸರ? ಖರೇನ?'

'ಖರೇನ್ರಿ.'

'ಇನ್ನೊಮ್ಮಿ ವಿಚಾರ ಮಾಡ್ರಿ ಅಕ್ಕಾರ.'

'ಎಲ್ಲಾ ವಿಚಾರ ಮಾಡೇನ ಹೇಳಾಕತ್ತೇನ್ರಿ.'

ಸಭೆ ಒಪ್ಪಿತು. ದನಿಯೂ ನನ್ನದೇ ಆಗಲಿ ಅಂದರು. ಅಲ್ಲೇ ಪಂಚಾಯ್ತಿಯ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿದೆ. 'ಸಾರ್ವಜನಿಕರ ಗಮನಕ್ಕೆ. ರಸ್ತೆಯ ಮೇಲೆ ರಾಶಿ ಹಾಕಿ ನಡೆಯುವವರ ಜೀವಕ್ಕೆ ಅಪಾಯ ತಂದ ಹೊಲದ ಮಾಲೀಕರು...' ಅಲ್ಲಿಗೆ ನಿಲ್ಲಿಸಿದೆ. ಹೆಸರು ಗೊತ್ತಾದ ಮೇಲೆ ಸೇರಿಸುವುದೆಂದು ತೀರ್ಮಾನವಾಯಿತು.

ಭಾನುವಾರ ಮಲ್ಲಪ್ಪ ಮನೆಗೆ ಬಂದ. ನಮ್ಮ ಕೆಂಪು ಮಣ್ಣಿನ ಮಸಾರಿ ಹೊಲ ಆ ಊರಿನ ಹಳ್ಳದಾಚೆಗೆ ಇದೆ. ಮಲ್ಲಪ್ಪ ಅದನ್ನು ಪಾಲಿಗೆ ಮಾಡುತ್ತಾನೆ. ನಾನು ಆ ಕಡೆ ಕಾಲಿಡದೆ ವರ್ಷಗಳೇ ಆದವು. ಪ್ರತಿ ಚಳಿಗಾಲಕ್ಕೆ ನಮ್ಮ ಪಾಲಿನ ಒಂದು ಚೀಲ ಬರುತ್ತದೆ, ನಾವು ಸಾರು ಮಾಡಿ ಉಣ್ಣುತ್ತೇವೆ. ಹೊಲದೊಂದಿಗೆ ನಮ್ಮ ಸಂಬಂಧ ಅಷ್ಟೇ.

ಅವನು ಚೀಲ ಇಳಿಸಿ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ. ನಮ್ಮತ್ತೆ ಆಗಲೇ ಮೊರ ಹಿಡಿದು ಕಾಳು ಹಸನು ಮಾಡಲು ಕುಳಿತಿದ್ದರು. ಒಂದು ಡಾಂಬರಿನ ಹರಳು ತೆಗೆದರು. ಇನ್ನೊಂದು ತೆಗೆದರು. ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿದರು.

'ಇದೇನ ನೋಡವಾ, ಹುರಳ್ಯಾಗ ಗಾಜಿನ ಬಳಿ ಚೂರ ಬಂದೈತಿ.'

ಬಳೆ ಚೂರಲ್ಲ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕು, ಒಂದು ಕಡೆ ಸಣ್ಣ ಗೆರೆಗೆರೆ. ಅಂಗಳಕ್ಕೆ ಹೋಗಿ ಸ್ಕೂಟಿಯ ಒಡೆದ ಇಂಡಿಕೇಟರಿಗೆ ಹಚ್ಚಿ ನೋಡಿದೆ. ಸರಿಯಾಗಿ ಕೂತಿತು.

ಒಳಗೆ ಬಂದಾಗ ಮಲ್ಲಪ್ಪ ಕಪ್ಪು ಕೆಳಗಿಟ್ಟು ನೆಲ ನೋಡುತ್ತಿದ್ದ.

'ಅವತ್ತ ಹೇಳಬೇಕಂದ್ನ್ರಿ ಅಕ್ಕಾರ. ನೀವು ಬಿದ್ದು ಸಿಟ್ಟಿನ್ಯಾಗ ಇದ್ರಿ. ಸಭಾದಾಗ ನೀವು ಮಾತಾಡೂವಾಗ ಹಿಂದ ಕುಂತಿದ್ನಿ. ಎದ್ದ ನಿಂದ್ರಾಕ ಧೈರ್ಯ ಆಗಲಿಲ್ಲ.'

'ಕಣಾ ಮಾಡಾಕ ಏನಾಗಿತ್ತ ನಿನಗ?' ಎಂದೆ. ದನಿಯಲ್ಲಿ ಸಭೆಯ ಜೋರು ಆಗಲೇ ಉಳಿದಿರಲಿಲ್ಲ.

ಅವನು ಮೆತ್ತಗೆ ಹೇಳಿದ. 'ಕಣದ ಜಾಗಾ ಎಲ್ಲಿ ಐತ್ರಿ? ಈ ಸಲ ಬಿತ್ತೂ ಮುಂದ ನಾ ಫೋನ್ ಹಚ್ಚಿದ್ನಿ. ಮೂಲ್ಯಾಗಿಂದು ಕಣಕ್ಕ ಬಿಡ್ತೇನ್ರಿ ಅಂದ್ನಿ. ನೀವ ಅಂದ್ರಿ, ಅಷ್ಟ ಜಾಗಾ ಯಾಕ ಖಾಲಿ ಬಿಡ್ತಿ, ಅದನ್ನೂ ಬಿತ್ತು ಅಂತ.'

ಅಂದಿದ್ದೆನೇ? ಅಂದಿದ್ದೆ. ಈಗ ನೆನಪಾಯಿತು. ಸ್ಟಾಫ್‌ರೂಮಿನಲ್ಲಿ ಪೇಪರ್ ತಿದ್ದುತ್ತ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಹಿಡಿದು, ಅರ್ಧ ನಿಮಿಷದಲ್ಲಿ ಹೇಳಿ ಇಟ್ಟ ಮಾತು. ರಾಶಿ ಮಾಡಲು ಹೊಲಕ್ಕೆ ಕಣ ಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ಕಾಳು ಚೀಲದಲ್ಲಿ ಹುಟ್ಟುತ್ತದೆ ಅಂದುಕೊಂಡಿದ್ದೆನೋ ಏನೋ. ಆ ಮೂಲೆಯಲ್ಲಿ ಹೆಚ್ಚಿಗೆ ಬಂದದ್ದು ಎಷ್ಟು, ಒಂದು ಬುಟ್ಟಿ ಹುರುಳಿ? ಅದಕ್ಕೆ ರಜಿಯಾಳ ಮಣಿಕಟ್ಟು ಹೋಯಿತು. ನಾನು ನಾಚಿಕೆಯಿಂದ ಕುಗ್ಗಿಹೋದೆ, ಇದನ್ನು ಬೇರೆ ಥರ ಹೇಳಲು ಬರುವುದಿಲ್ಲ.

ಮುಂದಿನ ಬಿತ್ತನೆಯಿಂದ ಆ ಮೂಲೆಯನ್ನು ಕಣಕ್ಕೇ ಬಿಡು ಎಂದು ಮಲ್ಲಪ್ಪನಿಗೆ ಹೇಳಿದೆ. ರಸ್ತೆಯಲ್ಲಿ ಬಿಟ್ಟ ಕಲ್ಲುಗಳನ್ನು ಇವತ್ತೇ ಎತ್ತಿಸು ಎಂದೂ ಹೇಳಿದೆ. ಅವನು, 'ಅವ್ನ ಅವತ್ತ ಎತ್ತೇನ್ರಿ, ರಜಿಯಾಬಿ ಬಿದ್ದ ದಿನಾನ' ಅಂದ. ಅವನಿಗೆ ಯಾರೂ ಭಾಷಣ ಮಾಡಿರಲಿಲ್ಲ.

ಗಂಗವ್ವನಿಗೆ ಫೋನ್ ಮಾಡಿದೆ.

'ನಿಮಗ ಮೊದಲ ಗೊತ್ತಿತ್ತೇನ್ರಿ?'

'ಊರಿಗೆಲ್ಲಾ ಗೊತ್ತಿತ್ತ್ರಿ ಅಕ್ಕಾರ. ಅದಕ್ಕ ಎರಡ ಸಲ ಕೇಳಿದ್ನಲ್ರಿ.' ಆ ಕಡೆ ಸ್ವಲ್ಪ ನಕ್ಕ ಹಾಗೆ ಕೇಳಿಸಿತು. 'ಇರ್ಲಿ ಬಿಡ್ರಿ. ಹೆಸರ ಹಚ್ಚೂದೇನ ಬ್ಯಾಡ. ಇನ್ನಮ್ಯಾಲೆ ಹಾಕಬ್ಯಾಡ್ರಿ ಅಂತ ಅಷ್ಟ ಕೂಗಸ್ತೇನಿ.'

ನಿಜ ಹೇಳುತ್ತೇನೆ, ಒಂದು ಕ್ಷಣ ಹೂಂ ಅನ್ನಬೇಕೆನಿಸಿತು. ತಪ್ಪಿಸಿಕೊಳ್ಳುವ ದಾರಿ ತಾನಾಗಿ ತೆರೆದಿತ್ತು. ಊರವರು ಅಷ್ಟು ದಿನ ನನ್ನ ಮರ್ಯಾದೆ ಕಾಯ್ದಿದ್ದರು, ಇನ್ನೂ ಕಾಯಲು ತಯಾರಿದ್ದರು. ಆದರೆ ಅದೇ ಊರಿನ ಮಕ್ಕಳ ಎದುರು ಎಂಟು ಗಂಟೆಗೆ ನಾನು ಡಸ್ಟರ್ ಹಿಡಿದು ನಿಲ್ಲಬೇಕಲ್ಲ?

ಸೋಮವಾರ ಪಂಚಾಯ್ತಿಗೆ ಹೋಗಿ ನನ್ನ ಹೆಸರು ಸೇರಿಸಿದೆ. (ಯಾವ ಹೆಸರೆಂದು ಮತ್ತೆ ಬರೆಯುವುದಿಲ್ಲ, ಈ ಅಂಕಣದ ನೆತ್ತಿಯ ಮೇಲೆ ಹೇಗೂ ಇದೆ.) ಮಂಗಳವಾರದಿಂದ ಕಸದ ಗಾಡಿ ನನ್ನದೇ ದನಿಯಲ್ಲಿ ನನ್ನನ್ನೇ ಬೈಯುತ್ತ ಓಣಿ ಓಣಿ ಸುತ್ತಿತು. ತಮಾಷೆಯೆಂದರೆ, ಎರಡನೇ ದಿನಕ್ಕೇ ಅಂಚಿನ ಮೆದೆಗಳು ಒಂದೊಂದಾಗಿ ಖಾಲಿಯಾದವು. ಟೀಚರನ್ನೇ ಬಿಡದ ಮೈಕು ತಮ್ಮನ್ನು ಬಿಡುತ್ತದೆಯೇ ಎಂದು ಜನರಿಗೆ ಅನಿಸಿರಬೇಕು. ಈಗ ಬೆಳಿಗ್ಗೆ ಹೆಂಗಸರು ಗರಸಿನ ಮೇಲೆ ಸಾಲಾಗಿ ನಡೆದು ಬಸ್‌ಸ್ಟಾಪಿಗೆ ಹೋಗುತ್ತಾರೆ. ನಾನು ಹಾರ್ನ್ ಹೊಡೆಯದೆ ದಾಟುತ್ತೇನೆ.

ಏಳನೇ ದಿನ ರಜಿಯಾಳ ಮನೆಗೆ ಹೋದೆ. ಅಲ್ಲಿಯವರೆಗೆ ಹೋಗಲು ಕಾಲು ಬಂದಿರಲಿಲ್ಲ. ಮಗ್ಗದ ಮೇಲೆ ಬಟ್ಟೆ ಹೊದಿಸಿದ್ದರು. ಅವಳು ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕುಳಿತಿದ್ದಳು. ಕಸದ ಗಾಡಿ ಆಗಷ್ಟೇ ಅವಳ ಓಣಿ ದಾಟಿತ್ತು.

'ತಪ್ಪಾತು ರಜಿಯಾ' ಎಂದೆ.

ಅವಳು ಎಡಗೈಯಿಂದ ಚಾಪೆ ಎಳೆದು ನನಗೆ ಹಾಸಿದಳು. ಕೈ ಕೂಡಿಕೊಳ್ಳುತ್ತಿದೆಯಂತೆ, ಬೆರಳು ಮೊದಲಿನಂತೆ ಆಡುತ್ತವೋ ಇಲ್ಲವೋ ಪ್ಲಾಸ್ಟರ್ ಬಿಚ್ಚಿದ ಮೇಲೆ ಗೊತ್ತಾಗುತ್ತದಂತೆ. ಬಿಚ್ಚಿಸಲು ನಾನೇ ದವಾಖಾನೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಆಯ್ತು ಎಂದಳು. ಆಮೇಲೆ, ಕ್ಲಾಸಿನಲ್ಲಿ ಡೌಟು ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದಳು:

'ಟೀಚರ್, ಮೈಕಿನ್ಯಾಗ ಎಲ್ಲಾ ಭಾಳ ಗಟ್ಟಿ ಹೇಳೀರಿ. ಹೆಸರ ಬಂದ ಕೂಡ್ಲೆ ದನಿ ಯಾಕ ಸಣ್ಣ ಆತ್ರಿ?'