ಬೇಲಿಯಾಚೆಯ ಹುಲ್ಲು

ಮೇವಿನ ಸಂಶೋಧನಾ ಕೇಂದ್ರದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಆಕೆ ಹುಲ್ಲಕ್ಕ. ಹದಿನಾಲ್ಕು ವರ್ಷ ಒಂದೇ ಹಟ ಹಿಡಿದಿದ್ದರು: ಎಲೆಯಲ್ಲಿ ಪ್ರೋಟೀನ್ ತುಂಬಿ ತುಳುಕುವಂಥ ತಳಿ ಬೇಕು. ಪ್ರತಿವರ್ಷ ಸಾವಿರ ಸಸಿ ಬೆಳೆಸಿ, ಎಲೆ ಪರೀಕ್ಷೆ ಮಾಡಿಸಿ, ಪ್ರೋಟೀನ್ ಹೆಚ್ಚಿದ್ದವನ್ನಷ್ಟೇ ಉಳಿಸಿಕೊಳ್ಳುತ್ತಿದ್ದರು. ಮಿಕ್ಕವನ್ನು ಮುಲಾಜಿಲ್ಲದೆ ಕಿತ್ತು ಬೇಲಿಯಾಚೆ ಎಸೆಯುತ್ತಿದ್ದರು.

ಕೊನೆಗೂ ತಳಿ ಕೈಗೂಡಿತು. ಆರು ಹಸುಗಳನ್ನು ಒಂದು ತಿಂಗಳು ಅದರಲ್ಲೇ ಮೇಯಿಸಿದರು. ಆಮೇಲೊಂದು ಬೆಳಿಗ್ಗೆ ಲ್ಯಾಬಿನ ಹುಡುಗಿ ವರದಿ ಹಿಡಿದು ಬಾಗಿಲಲ್ಲಿ ನಿಂತಳು.

"ಅಕ್ಕಾ, ಮೊದಲು ಕೂತ್ಕೊಳ್ಳಿ."

"ಹಾಲು ಎಷ್ಟು ಹೆಚ್ಚಾಯ್ತು, ಅದನ್ನ ಹೇಳೇ!"

"ಒಂದು ಲೋಟಾನೂ ಹೆಚ್ಚಿಲ್ಲ. ಹಸು ಹೊಟ್ಟೇಲಿ ಪ್ರೋಟೀನ್ ಬೇಗ ಕರಗಿಬಿಡುತ್ತೆ. ಅದನ್ನ ಹಿಡಿದಿಟ್ಕೊಳ್ಳೋ ಸೂಕ್ಷ್ಮಜೀವಿಗಳಿಗೆ ಬೇಕಾದಷ್ಟು ಸಕ್ಕರೆ ಈ ಹುಲ್ಲಲ್ಲಿಲ್ಲ. ನೀವು ಹೆಚ್ಚಿಸಿದ್ದೆಲ್ಲ ಗಂಜಲದಲ್ಲಿ ಹೋಗ್ತಿದೆ ಅಕ್ಕಾ."

ಹುಲ್ಲಕ್ಕ ನಂಬಲಿಲ್ಲ. ತಾವೇ ಬಕೆಟ್ ಹಿಡಿದು ವಾರವಿಡೀ ಹಸುಗಳ ಹಿಂದೆ ನಿಂತರು. "ಸ್ವಲ್ಪ ಆ ಕಡೆ ತಿರುಗಿ ತಾಯಿ, ಹಸೂಗೂ ನಾಚಿಕೆ ಇರುತ್ತಲ್ಲ!" ಎಂದು ಕೊಟ್ಟಿಗೆ ನೋಡಿಕೊಳ್ಳುತ್ತಿದ್ದ ಮುದುಕ ತಮಾಷೆ ಮಾಡಿದರೂ ಆಕೆ ನಗಲಿಲ್ಲ. ಹೊಸ ವರದಿಯೂ ಅದನ್ನೇ ಹೇಳಿತು.

ಎರಡು ದಿನ ಆಕೆ ಹೊಲದತ್ತ ಸುಳಿಯಲಿಲ್ಲ. ಮೂರನೆಯ ದಿನ ಮುದುಕನೇ ಬಂದ.

"ಬೇಜಾರು ಮಾಡ್ಕೋಬೇಡಿ, ಒಂದು ಮಾತು. ನಿಮ್ಮ ಹುಲ್ಲು ಕಾಲಡೀಲಿದ್ರೂ ಈ ಹಸುಗಳು ಬೇಲಿಯೊಳಗೆ ಕತ್ತು ತೂರಿಸಿ ಆಚೆ ಹುಲ್ಲನ್ನೇ ತಿಂತವೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ಯಾವತ್ತು ಕೇಳಿದ್ರಿ ತಾಯಿ?"

ಹುಲ್ಲಕ್ಕ ಓಡಿದರು. ಬೇಲಿಯಾಚೆ, ತಾವೇ ಎಸೆದ ಗಿಡಗಳಲ್ಲಿ ಕೆಲವು ತಾವಾಗಿಯೇ ಬೇರೂರಿದ್ದವು. ಒಂದು ದಂಟು ಕಿತ್ತು ಅಗಿದರು. ಸಿಹಿ! ಹುಡುಗಿ ಹೇಳಿದ ಸಕ್ಕರೆ ಇದೇ. ಇಂಥವನ್ನು ಎಷ್ಟು ಸಾವಿರ ಕಿತ್ತೆಸೆದೆನೋ ಎಂದು ನೆನೆಯುತ್ತಲೇ ಉಳಿದವನ್ನು ಒಂದೊಂದಾಗಿ ಎಣಿಸಿದರು. ಉಳಿದಿದ್ದುದು ಇಪ್ಪತ್ತಮೂರೇ ಗಿಡ.

ಅವನ್ನು ತಮ್ಮ ತಳಿಯೊಂದಿಗೆ ಕೂಡಿಸಲು ಮತ್ತೆ ಆರು ವರ್ಷ ಹಿಡಿಯಿತು. ಹೊಸ ಹುಲ್ಲಿನಲ್ಲಿ ಪ್ರೋಟೀನ್ ಮೊದಲಿಗಿಂತ ಕಡಿಮೆಯೇ. ಆದರೆ ಗಂಜಲಕ್ಕೆ ಹೋಗುವ ಪಾಲು ಕಾಲುಭಾಗ ತಗ್ಗಿ, ಹಾಲು ಏರಿತು. ವರದಿ ಓದಿದಾಗ ಸಂತೋಷಕ್ಕಿಂತ ಮೊದಲು ಬಂದದ್ದು ದಿಗಿಲು: ಮುದುಕ ಅಂದು ಬಾಯಿ ಬಿಡದೇ ಇದ್ದಿದ್ದರೆ? ಅಂದಿನಿಂದ ಗಿಡ ಆರಿಸುವ ದಿನಗಳಲ್ಲಿ ಅವನನ್ನು ಕರೆಯದೆ ಹುಲ್ಲಕ್ಕ ಹೊಲಕ್ಕೆ ಕಾಲಿಡಲಿಲ್ಲ.